ಕೆಂಪು ಬಳಿಸಿಕೊಂಡ ಕ್ಯಾಲಿಪರುಗಳು

ಎಂದೋ ಒಂದು ದಿನ, ಎಲ್ಲೋ ಒಂದೂರಿನಲ್ಲಿ, ಗಂಭೀರವಾದ ಘಟನೆಯೊಂದು ನಡೆಯಿತು. ಓಂಕಾರಪ್ಪ ಗೇಟಿಗೆ ಬಳಿದ ಕೆಂಪು ಬಣ್ಣದಲ್ಲಿ ಅರ್ಧ ಡಬ್ಬಿ ಮಿಕ್ಕಿತು. ಸುದ್ದಿ ಕೇಳಿ ಊರವರು ನಿಂತಲ್ಲೇ ಕೂತರು.

ಮಿಕ್ಕಿದ್ದನ್ನು ಎಸೆಯುವುದು ಓಂಕಾರಪ್ಪನಿಗೆ ಗೊತ್ತಿರಲಿಲ್ಲ. ಕಾರಿನ ಚಕ್ರ ಬಿಚ್ಚಿದ. ಒಳಗೆ ಕ್ಯಾಲಿಪರುಗಳು ಕೂತಿದ್ದವು. ಬ್ರೇಕ್ ತುಳಿದಾಗ ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿದು ಕಾರು ನಿಲ್ಲಿಸುವುದು ಅವುಗಳ ಕೆಲಸ. ತುಕ್ಕು ಉಜ್ಜಿದ, ತಟ್ಟೆಗೆ ಹಳೇ ಪೇಪರು ಸುತ್ತಿದ, ನಾಲ್ಕಕ್ಕೂ ಎರಡೆರಡು ಕೋಟು ಹೊಡೆದ. ಅಲಂಕಾರ ಮಾಡಿದವರಿಗೆ ಕನ್ನಡಿ ತೋರಿಸುವುದು ಆ ಮನೆಯ ಪದ್ಧತಿ. ತೋರಿಸಿದ. ಎಡವಟ್ಟಾದದ್ದು ಅಲ್ಲೇ.

ಮರುದಿನ ಅವನ ಬಾವಮೈದುನ ಹಾಲೇಶನ ಮನೆಯಲ್ಲಿ ಕೂಸಿನ ನಾಮಕರಣ. ಸೋದರತ್ತೆ ಕಿವಿಯಲ್ಲಿ ಮೂರು ಸಲ ಹೇಳಿದರೇನೇ ಹೆಸರು. ಆ ಸೋದರತ್ತೆ ಓಂಕಾರಪ್ಪನ ಹೆಂಡತಿ ಮಂಗಳಾ. ಇಬ್ಬರೂ ಕಾರು ಹತ್ತಿದರು.

ಮನೆ ಬಂತು. ಬ್ರೇಕ್ ತುಳಿದ. ಮನೆ ಹೋಯಿತು.

"ರೀ, ನನ್ನ ತಮ್ಮನ ಮನೆ ಹಿಂದಾಯ್ತಲ್ರೀ!"

"ತುಳೀತಾನೇ ಇದ್ದೀನಿ ಕಣೇ."

ಎಡಗಡೆಯ ಮುಂದಿನ ಕ್ಯಾಲಿಪರ್ ಬಾಯಿ ಬಿಟ್ಟಿತು. "ನಾವು ನಿಲ್ಲಿಸಲ್ಲ. ಚಕ್ರ ತಿರುಗ್ತಿದ್ರೆ ಜನಕ್ಕೆ ನಮ್ಮ ಮುಖ ಕಾಣುತ್ತೆ. ನಿಂತ್ರೆ ಚಕ್ರದ ಕಡ್ಡಿ ಅಡ್ಡ ಬರುತ್ತೆ."

ಓಂಕಾರಪ್ಪ ಯೋಚಿಸಿದ. ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಮನೆ ಸುತ್ತತೊಡಗಿದ.

"ಬಾವ, ಹೋಳಿಗೆ ಆರ್ತಾ ಇದೆ!" ಎಂದ ಹಾಲೇಶ. ಎರಡನೇ ಸುತ್ತಿಗೆ ಹೋಳಿಗೆ ಕಿಟಕಿಯೊಳಗೆ ಬಂತು. ಮೂರನೇ ಸುತ್ತಿಗೆ ತುಪ್ಪ ಬಂತು, ಬಹುಪಾಲು ಓಂಕಾರಪ್ಪನ ಅಂಗಿಗೆ.

"ಅಕ್ಕಾ, ಹೆಸರು ಅಲ್ಲಿಂದಲೇ ಕೂಗು!"

"ಕಿವಿಯಲ್ಲಿ ಹೇಳೋದು ಕಣೋ, ಸೊಪ್ಪು ಮಾರೋದಲ್ಲ!"

ಐದನೇ ಸುತ್ತಿಗೆ ಪುರೋಹಿತರು ಗಡಿಯಾರ ತೋರಿಸಿದರು. ಮುಹೂರ್ತ ಮುಗಿಯಲು ಇನ್ನು ಎಂಟು ನಿಮಿಷ. ಮಂಗಳಾ ಕಿಟಕಿಯಿಂದ ಬಗ್ಗಿದಳು.

"ಚಕ್ರಾನೇ ಬಿಚ್ಚಿಡ್ತೀವಿ ಕಣ್ರಪ್ಪಾ. ಆಗ ಯಾವ ಕಡ್ಡಿ ಅಡ್ಡ ಬರುತ್ತೆ?"

ಕ್ಯಾಲಿಪರುಗಳು ತಮ್ಮತಮ್ಮಲ್ಲೇ ಗುಸುಗುಸು ಮಾಡಿದವು. "ಆಣೆ?"

"ನನ್ನ ತಮ್ಮನ ಕೂಸಿನ ಆಣೆ."

"ಹೆಸರಿಲ್ಲದ ಕೂಸಿನ ಮೇಲೆ ಆಣೆ ನಡೆಯಲ್ಲ."

"ಹಾಗಾದ್ರೆ ನಮ್ಮ ಯಜಮಾನರ ಆಣೆ."

ಓಂಕಾರಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಾರು ನಿಂತಿತು.

ಮಂಗಳಾ ಒಳಗೆ ಓಡಿದಳು. ಓಂಕಾರಪ್ಪ ನಾಲ್ಕೂ ಚಕ್ರ ಬಿಚ್ಚಿ ಕಾರನ್ನು ಇಟ್ಟಿಗೆಗಳ ಮೇಲಿಟ್ಟ. ನೆಂಟರು ಊಟ ಬಿಟ್ಟು ಬಂದು ನೋಡಿದರು. "ಚೆನ್ನಾಗಿವೆ" ಎಂದರು.

ಕತೆಯ ನೀತಿ ಯಾರಿಗೂ ಸಿಗಲಿಲ್ಲ. ಕೂಸಿಗೆ ಇಂದುಧರ ಎಂದು ಹೆಸರಿಟ್ಟರು. ಗಂಡ ಹೆಂಡತಿ ಐದೂವರೆಯ ಬಸ್ಸಿಗೆ ಊರಿಗೆ ಹೋದರು. ಸೀಟು ಸಿಕ್ಕಿತು.