ಬೆನ್ನಿನಿಂದ ಕಾಲಿಗೆ ಬಂದ ಸ್ನಾಯು

ಹಮಾಲಿ ದುರುಗಪ್ಪನ ಕಾಲಿನ ಮೇಲೆ ಲಾರಿ ಹರಿದು ಮೊಣಕಾಲ ಕೆಳಗಿನ ಎಲುಬು ಬಯಲಾಯಿತು. ಮೂಟೆ ಹೊತ್ತು ಪಳಗಿದ ಅವನ ಬೆನ್ನಿನಿಂದಲೇ ಡಾಕ್ಟರು ಒಂದು ಸ್ನಾಯು ತೆಗೆದು, ಕಾಲಿನ ರಕ್ತನಾಳಕ್ಕೆ ಹೊಲಿದು, ಎಲುಬಿಗೆ ಹೊದಿಸಿದರು.

ಪಕ್ಕದಲ್ಲಿದ್ದ, ಕಾಲಿನ ಹಿಂಬದಿಯ ಮೀನಖಂಡ ಹೊಸಬನನ್ನು ಮೇಲಿಂದ ಕೆಳಗೆ ನೋಡಿತು. “ಒಂದು ಹೆಜ್ಜೆಯನ್ನಾದರೂ ಇಟ್ಟು ಗೊತ್ತೇ ನಿನಗೆ? ಇಲ್ಲೇನು ಕೆಲಸ?”

“ಎಲುಬು ಬಯಲಿಗೆ ಬಿದ್ದಾಗ ನೀನು ಇಲ್ಲೇ ಇದ್ದೆಯಲ್ಲ, ಏನು ಮಾಡಿದೆ?” ಎಂದಿತು ಬೆನ್ನಿನ ಸ್ನಾಯು.

ಗಂಟೆಗೊಮ್ಮೆ ನರ್ಸಮ್ಮನ ಕೈಯ ಸೂಜಿ ಬಂದು, “ಬದುಕಿದ್ದೀಯಾ?” ಎಂದು ಹೊಸ ಸ್ನಾಯುವನ್ನು ಚುಚ್ಚುತ್ತಿತ್ತು. ರಕ್ತ ಕಪ್ಪಗೆ ಬಂದರೆ ಸ್ನಾಯು ಸತ್ತಂತೆ, ಕಾಲೂ ಹೋದಂತೆ. ಸ್ನಾಯು ಪ್ರತಿ ಸಲವೂ ಒಂದು ಹನಿ ಕೆಂಪು ರಕ್ತ ಕೊಡುತ್ತಿತ್ತು.

“ನೋಡಿದೆಯಾ, ನಿನ್ನನ್ನು ಯಾರೂ ನಂಬುವುದಿಲ್ಲ. ನನ್ನನ್ನು ಒಮ್ಮೆಯಾದರೂ ಕೇಳಿದ್ದಾರೆಯೇ?” ಎಂದು ಮೀನಖಂಡ ನಗುತ್ತಿತ್ತು.

ಐದನೆಯ ದಿನ ಸೂಜಿ ಹೇಳಿತು: “ಇಷ್ಟು ಸಲ ಚುಚ್ಚಿದರೂ ನಿನ್ನ ರಕ್ತ ಒಮ್ಮೆಯೂ ಕಪ್ಪಾಗಲಿಲ್ಲ. ನಾಳೆಯಿಂದ ನಾನು ಬರುವುದಿಲ್ಲ. ಏನಾದರೂ ಹೇಳುವುದಿದೆಯೇ?”

“ಇದೆ. ಹೋಗುವ ಮುಂಚೆ ಈ ಯಜಮಾನರನ್ನೂ ಒಂದು ಸಲ ಕೇಳಿ ಹೋಗು.”

ಸೂಜಿ “ಬದುಕಿದ್ದೀಯಾ?” ಎಂದು ಮೀನಖಂಡದ ಕಡೆ ತಿರುಗಿತು. ಇನ್ನೂ ಮುಟ್ಟಿರಲಿಲ್ಲ, ಅಷ್ಟರಲ್ಲೇ ಮೀನಖಂಡ ಮುದುಡಿಕೊಂಡು, “ಅಯ್ಯೋ, ನಾನು ಹುಟ್ಟಿದ್ದೇ ಇಲ್ಲಿ!” ಎಂದು ಕಿರುಚಿತು.

“ನಾನು ಕೇಳುವುದು ಅದನ್ನಲ್ಲ,” ಎಂದಿತು ಸೂಜಿ.