ಬದನೆ ಹೂವಿನ ಬೀಗ ತೆಗೆದ ದುಂಬಿ

ಲೋಕ ಇನ್ನೂ ಹಸಿಹಸಿಯಾಗಿತ್ತು. ಯಾವ ಕಡೆ ಹರಿಯಬೇಕೆಂದು ನದಿಗಳಿಗೇ ಗೊತ್ತಿರಲಿಲ್ಲ. ಆನೆ ತನ್ನ ಸೊಂಡಿಲನ್ನು ತಾನೇ ತುಳಿದು ಮುಗ್ಗರಿಸುತ್ತಿತ್ತು. ಆ ಕಾಲದಲ್ಲಿ ಪ್ರತಿ ಹೂವಿಗೂ ಒಂದು ಚಿಟಿಕೆ ಹಳದಿ ಹುಡಿ ಸಿಕ್ಕಿತ್ತು. ಹುಡಿ ಹೊರಗೆ ಬಂದರೇನೇ ಕಾಯಿ. ಬಾರದಿದ್ದರೆ ಹೂವು ಉದುರಿ ಮಣ್ಣುಪಾಲು.

ಗಾಳಿ ಆಗ ಬಲು ತುಂಟ. ಉಫ್ ಎಂದರೆ ಸಾಕು, ಅರ್ಧ ಹುಡಿ ಮಾಯ! "ಹೋದ್ರ ಹೋಗಲಿ" ಎಂದು ಉಳಿದ ಹೂವುಗಳು ಸುಮ್ಮನಾದವು. ಬದನೆ ಸುಮ್ಮನಿರುತ್ತಾಳೆಯೇ? ಮಹಾ ಜಾಣೆ ಅವಳು! ಹುಡಿಯನ್ನೆಲ್ಲ ಪುಟ್ಟ ಪುಟ್ಟ ಹಳದಿ ಚೀಲಗಳಿಗೆ ತುಂಬಿದಳು, ತುದಿಗೆ ಸೂಜಿಮೊನೆಯಷ್ಟು ಬಾಯಿ ಬಿಟ್ಟಳು, ಹೂವನ್ನು ನೆಲದ ಕಡೆ ಬಗ್ಗಿಸಿ ನಿಂತಳು.

"ಈಗ ಬಾರೋ ಗಾಳಿ, ಏನ್ ಕಿತ್ಕೋತಿ ನೋಡ್ತೀನಿ!"

ಗಾಳಿ ಊದಿ ಊದಿ ಸುಸ್ತಾಗಿ ಹೋಯಿತು. ಬದನೆಗೆ ಹಿಗ್ಗೋ ಹಿಗ್ಗು.

ಆಮೇಲೆ ಜೇನುಹುಳ ಬಂತು. "ಬದನಕ್ಕಾ, ಒಂಚೂರು ಹುಡಿ ಕೊಡು."

"ತಗೋ ತಂಗಿ."

ಜೇನುಹುಳ ಚೀಲ ಕೆರೆಯಿತು, ಎಳೆಯಿತು, ಕಚ್ಚಿಯೂ ನೋಡಿತು. ಊಹೂಂ! ಚಿಟ್ಟೆ ಬಂದು ಉದ್ದ ನಾಲಿಗೆ ಚಾಚಿತು. ಊಹೂಂ! "ಏನ್ ಬೀಗ ಹಾಕೀಯವ್ವಾ! ನನಗ ಕುಂಬಳದ ಹೂವಿನ್ಯಾಗ ರಾಶಿ ಕೆಲಸ ಐತಿ" ಎಂದು ಜೇನುಹುಳ ಹಾರಿಹೋಯಿತು.

ಬೀಗ ತೆಗೆಯೋಣವೆಂದರೆ ಬದನೆಯ ಕೈಯಲ್ಲೂ ಆಗಲಿಲ್ಲ. ಹೂವು ಅರಳುತ್ತಿದ್ದವು, ಉದುರುತ್ತಿದ್ದವು. ಕಾಯಿ ಮಾತ್ರ ಇಲ್ಲ.

ತೋಟದ ಒಡತಿ ಸಾತವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಸೊಂಟದ ಮೇಲೆ ಕೈಯಿಟ್ಟು ಗದರಿದಳು: "ನೀರು ಕುಡಿಯಾಕ ಮೊದಲು, ಕಾಯಿ ಕೊಡಾಕ ಕಡೀಕ! ಅಮಾಸಿ ಒಳಗ ಒಂದರ ಕಾಯಿ ಕಾಣಲಿಲ್ಲಂದ್ರ ಬುಡಸಮೇತ ಕಿತ್ತು ಒಗೀತೀನಿ."

ಜಾಣತನ ಮಾಡಲು ಹೋಗಿ ಜೀವಕ್ಕೇ ಕುತ್ತು ತಂದುಕೊಂಡೆನಲ್ಲ ಎಂದು ಬದನೆ ಅತ್ತಳು.

ಸಾತವ್ವನ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ಅವರೆ ಚಪ್ಪರದ ಬಿದಿರ ಗಳದಲ್ಲಿ ತೂತು ಕೊರೆದು ಕರಿ ದುಂಬಿಯೊಬ್ಬಳು ಮನೆ ಮಾಡಿಕೊಂಡಿದ್ದಳು. "ಜೇನರ ಕೊಡ್ತಿಯೇನ? ಅದೂ ಇಲ್ಲ. ಬರೇ ಗದ್ಲ!" ಎಂದು ಸಾತವ್ವ ಹಸಿಮಣ್ಣು ಮೆತ್ತಿ ಆ ತೂತು ಮುಚ್ಚಿಬಿಟ್ಟಳು.

ದುಂಬಿ ಬಂದು ನೋಡುತ್ತಾಳೆ, ಮನೆಗೆ ಬಾಗಿಲೇ ಇಲ್ಲ! ಸುತ್ತಿ ಸುತ್ತಿ ದಣಿದು, ಹತ್ತಿರದ ಬದನೆ ಹೂವನ್ನು ತಬ್ಬಿ ಜೋತುಬಿದ್ದಳು. "ಸ್ವಲ್ಪ ಹೊತ್ತು ಕುಂಡರ್ಲೇನವ್ವಾ?"

"ಕುಂಡ್ರು ತಾಯಿ. ನಂದೂ ಮುಗೀತು ಇನ್ನ."

"ನಾ ಏನ್ ತಪ್ಪು ಮಾಡೇನಿ?" ಎನ್ನುವಷ್ಟರಲ್ಲಿ ದುಂಬಿಗೆ ಸಿಟ್ಟು ನೆತ್ತಿಗೇರಿತು. ರೆಕ್ಕೆ ಮಡಚಿಯೇ ಇತ್ತು, ಮೈಯೆಲ್ಲ ಗಡಗಡ ನಡುಗಿತು. ಝೂಂಯ್ಯ್! ಹೂವು ನಡುಗಿತು, ಚೀಲಗಳು ನಡುಗಿದವು, ಸೂಜಿಮೊನೆಯ ಬಾಯಿಂದ ಹುಡಿ ಸರ್ರನೆ ಸುರಿಯಿತು! ದುಂಬಿಯ ಕರಿ ಹೊಟ್ಟೆ ಹಳದಿಯಾಯಿತು. ಹೂವಿಗೂ ಹುಡಿ ತಾಗಿತು.

ಬದನೆ ಕೂಗಿಕೊಂಡಳು: "ಇನ್ನೊಮ್ಮೆ ಸಿಟ್ಟಾಗವ್ವಾ! ಇನ್ನೊಮ್ಮೆ!"

ದುಂಬಿಗೆ ನಗು ಬಂತು. "ಸಿಟ್ಟೆಲ್ಲ ಇಳೀತಲ್ಲೇ. ಖುಷೀಲೇ ಮಾಡ್ತೀನಿ, ತಗೋ!"

ಝೂಂಯ್ಯ್! ಝೂಂಯ್ಯ್! ಆ ಹೂವಿನಿಂದ ಈ ಹೂವಿಗೆ, ಈ ಗಿಡದಿಂದ ಆ ಗಿಡಕ್ಕೆ. ಕುಂಬಳದ ಹೂವಿನಿಂದ ಜೇನುಹುಳ ಇಣುಕಿ "ಭಲೇ ಅಕ್ಕಾ, ಇದು ನನ್ನ ಕೈಲಿ ಆಗೂದಲ್ಲ ಬಿಡು!" ಎಂದಿತು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಸಾತವ್ವ ಗುದ್ದಲಿ ಹಿಡಿದೇ ಬಂದಳು. ಬುಡಕ್ಕೆ ಬಗ್ಗಿದರೆ ಎಲೆಯ ಮರೆಯಲ್ಲೆಲ್ಲ ನೇರಳೆ ಬಣ್ಣದ ಎಳೆಗಾಯಿ, ಮಿರಮಿರ ಮಿಂಚುತ್ತಿವೆ! ತಲೆಯ ಮೇಲೆ ಝೂಂಯ್ಯ್ ಎಂದಿತು. ನೋಡಿದರೆ ದುಂಬಿ, ಹೊಟ್ಟೆಯ ಮೇಲೆಲ್ಲ ಬದನೆ ಹೂವಿನ ಹಳದಿ ಹುಡಿ. ಕಾಯಿ ತಂದವಳು ಇವಳೇ! ಸಾತವ್ವ ಗುದ್ದಲಿ ಎಸೆದು ಚಪ್ಪರದತ್ತ ಓಡಿದಳು. ಮೆತ್ತಿದ ಮಣ್ಣನ್ನು ಉಗುರಿನಿಂದಲೇ ಕೆರೆದು ತೆಗೆದಳು.

"ತಪ್ಪಾತವ್ವಾ. ಇಡೀ ಗಳಾನ ನಿಂದು. ಬೇಕಾದಷ್ಟು ತೂತು ಕೊರಿ, ಬೇಕಾದಷ್ಟು ಗದ್ಲ ಮಾಡು!"

ಅವತ್ತು ಸಾತವ್ವನ ಒಲೆಯ ಮೇಲೆ ಲೋಕದ ಮೊಟ್ಟಮೊದಲ ಎಣ್ಣೆಗಾಯಿ ಬೆಂದಿತು. ಬದನೆ ತೋಟದಲ್ಲೇ ಉಳಿದಳು, ಕಾಯಿಯ ಭಾರಕ್ಕೆ ಬಾಗಿ ಬಾಗಿ ಉಳಿದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಬೆಳಿಗ್ಗೆ ಬದನೆ ಗಿಡದ ಹತ್ತಿರ ಸದ್ದು ಮಾಡದೆ ನಿಂತರೆ, ಕರಿ ದುಂಬಿ ಬಾಗಿದ ಹೂವನ್ನು ತಬ್ಬಿಕೊಂಡು ಮೈ ನಡುಗಿಸಿ ಝೂಂಯ್ಯ್ ಎನ್ನುವುದು ಕೇಳುತ್ತದೆ, ಆ ಸದ್ದಿಗೇ ಹುಡಿ ಉದುರಿ ಬದನೆ ಕಾಯಿ ಕಚ್ಚುತ್ತದೆ.