ಕಟ್ಟಿದ ಹಸುವಿನ ಬೆಣ್ಣೆ ಬಿಳುಚಿದ್ದು

ಲೋಕ ಇನ್ನೂ ಎಳೆಯದಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ, ಹೊಳೆಗಳು ದಾರಿ ಹುಡುಕುತ್ತಿದ್ದವು. ಹುಲ್ಲು, ಗಾಳಿ, ತೋಳ, ಮನುಷ್ಯ, ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿದ್ದ ಕಾಲ ಅದು.

ಆಗ ಹಸುಗಳನ್ನು ಯಾರೂ ಕಟ್ಟುತ್ತಿರಲಿಲ್ಲ. ಹಗಲೆಲ್ಲ ಮೇಯ್ದು ಸಂಜೆ ತಾವೇ ಮನೆಗೆ ಬರುತ್ತಿದ್ದವು. ಎಲ್ಲರ ಮನೆಯ ಬೆಣ್ಣೆಯೂ ತಂಗಡಿ ಹೂವಿನ ಹಾಗೆ ಹಳದಿ, ಬೆರಳಿಟ್ಟರೆ ಇಳಿಯುವಷ್ಟು ಮೆತ್ತಗೆ.

ಹುಲ್ಲುಗಾವಲಿನ ಅಂಚಿನಲ್ಲಿ ಓಬಕ್ಕ ಎಂಬ ಅಜ್ಜಿ ಇದ್ದಳು. ತಾಯಿಯಿಲ್ಲದ ಮೊಮ್ಮಗಳು ನಿಂಗಿ, ಕೆಂದಿ ಎಂಬ ಹಸು, ಇಬ್ಬರೇ ಅವಳ ಬಳಗ. ಒಂದು ದಿನ ತೋಳ ನೆರೆಮನೆಯ ಕರುವನ್ನು ಎಳೆದುಕೊಂಡು ಹೋಯಿತು. ಅವತ್ತಿನಿಂದ ಓಬಕ್ಕನಿಗೆ ಒಂದೇ ಚಿಂತೆ. ಕೆಂದಿಯೂ ಹೋದರೆ ನಿಂಗಿಯ ಬಾಯಿಗೆ ಏನು ಹಾಕಲಿ?

ಅವಳು ನಾರು ಹೊಸೆದಳು, ಕೆಂದಿಯನ್ನು ಚಪ್ಪರದ ಕೆಳಗೆ ಕಟ್ಟಿದಳು. ಹಸುವಿನ ಕೊರಳಿಗೆ ಹಗ್ಗ ಬಿದ್ದದ್ದು ಅದೇ ಮೊದಲು. ಒಣಹುಲ್ಲು ತಂದು ತಂದು ಮುಂದೆ ಹಾಕಿದಳು.

ಕೆಂದಿ ಹಾಲೇನೋ ಕೊಟ್ಟಿತು. ಆದರೆ ವಾರ ಕಳೆಯಿತು, ಬೆಣ್ಣೆ ತುಸು ಬೆಳ್ಳಗಾಯಿತು. ಮತ್ತೆ ವಾರ ಕಳೆಯಿತು, ಮತ್ತಷ್ಟು ಬೆಳ್ಳಗಾಯಿತು. ಕೊನೆಗೆ ಸುಣ್ಣದುಂಡೆಯ ಹಾಗೆ ಬಿಳುಚಿ ಗಟ್ಟಿಯಾಯಿತು. "ನಾನೇನು ತಪ್ಪು ಮಾಡಿದೆ?" ಎಂದು ಓಬಕ್ಕ ಕಡೆಗೋಲು ತೊಳೆದಳು, ಗಡಿಗೆ ತೊಳೆದಳು. ಬೆಣ್ಣೆ ಬದಲಾಗಲಿಲ್ಲ.

ತಿಂಗಳುಗಳು ಉರುಳಿದವು. ಒಂದು ಸಂಜೆ ನಿಂಗಿ ಹೊಸಿಲು ಎಡವಿ ಬಿದ್ದಳು.

"ಅಜ್ಜೀ, ಎಲ್ಲಿದೀಯೇ? ನಂಗೇನೂ ಕಾಣ್ತಿಲ್ಲ."

ಓಬಕ್ಕ ಎದುರಿಗೇ ನಿಂತಿದ್ದಳು. ಬಾನಿನಲ್ಲಿ ಇನ್ನೂ ಬೆಳಕಿತ್ತು.

ಅವಳು ನಿಂಗಿಯನ್ನು ಬಾಚಿ ಎತ್ತಿಕೊಂಡಳು. ಮಗುವಿನ ಕಣ್ಣಿಗೆ ಏನಾಯಿತು ಎಂದು ಗಾಳಿಯನ್ನು ಕೇಳಿದಳು. "ನಂಗೊತ್ತಿಲ್ಲವ್ವ" ಎಂದಿತು ಗಾಳಿ. ಕೆಂದಿಯ ಮುಂದಿದ್ದ ಒಣಹುಲ್ಲು ಮೆಲ್ಲಗೆ ಬಾಯಿಬಿಟ್ಟಿತು.

"ಸೂರ್ಯ ನಮ್ಮ ಹಸಿರಿನೊಳಗೆ ಒಂದಿಷ್ಟು ಹಳದಿ ಬಚ್ಚಿಟ್ಟಿರ್ತಾನೆ. ಹಸು ಅದನ್ನ ಬೆಣ್ಣೆಗೆ ಸೇರಿಸ್ತದೆ. ಮಕ್ಕಳ ಕಣ್ಣಿಗೆ ಅದೇ ಬಲ. ಕೊಯ್ದು ಒಣಗಿಸಿದ್ರೆ ಅವನು ಕೊಟ್ಟದ್ದನ್ನ ಅವನೇ ವಾಪಸ್ ತಗೋತಾನೆ. ಇಲ್ಲದ್ದನ್ನ ನಾನು ಹೆಂಗೆ ಕೊಡ್ಲಿ ತಾಯಿ?"

"ನಾನೇ ಹಸಿ ಹುಲ್ಲು ಹೊತ್ತು ತಂದ್ರೆ?"

"ಬೇಸಿಗೆಗೆ ಇಲ್ಲಿಯದೆಲ್ಲ ಒಣಗಿದೆ, ಈಗ ಹಸಿರಿರೋದು ದೂರದ ಹೊಳೆದಂಡೇಲಿ. ನೀನು ಹೊರೋದು ಕೆಂದಿಗೆ ಒಂದು ಹೊತ್ತಿಗೂ ಸಾಲಲ್ಲ."

"ಅಲ್ಲಿ ತೋಳ ಇದೆಯಲ್ಲಪ್ಪ!"

"ಇದೆ. ಇಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ."

ಮರುದಿನ ಓಬಕ್ಕ ನಿಂಗಿಯನ್ನು ನೆರೆಯವರ ಹತ್ತಿರ ಬಿಟ್ಟು, ಹಗ್ಗ ಬಿಚ್ಚಿ, ಕೋಲು ಹಿಡಿದು ಹಸುವಿನ ಜೊತೆ ತಾನೂ ಹೊರಟಳು. ಹೊಳೆದಂಡೆಯಲ್ಲಿ ಪೊದೆ ಅಲುಗಿತು. ತೋಳ ಬಂದು ನಿಂತಿತು.

"ಯಾಕಜ್ಜಿ ನಡುಗ್ತೀಯ?"

"ನಿನ್ನ ಹೆದರಿಕೆಗೆ."

"ಹಂಗಿದ್ರೆ ಮನೆಗೆ ಹೋಗು."

"ಇದರ ಹೊಟ್ಟೆ ತುಂಬಲಿ, ಹೋಗ್ತೀನಿ." ಓಬಕ್ಕ ಕೆಂದಿಗೆ ಒತ್ತಿಕೊಂಡು ನಿಂತಳು. ಕಾಲು ಕದಲಲಿಲ್ಲ. ಕೆಂದಿ ಕೊಂಬು ತಗ್ಗಿಸಿತು. ತೋಳ ಬಹಳ ಹೊತ್ತು ನೋಡಿತು. ಆಮೇಲೆ ಪೊದೆಯೊಳಗೆ ಸರಿಯಿತು.

ಹೀಗೆ ದಿನವೂ ಹೋದಳು. ದಿನವೂ ಹೆದರಿದಳು. ಬೆಣ್ಣೆಗೆ ಮೊದಲು ಕೆನೆಬಣ್ಣ ಬಂತು, ಆಮೇಲೆ ಹಳದಿ.

ಒಂದು ಮುಸ್ಸಂಜೆ ನಿಂಗಿ ಓಡಿಬಂದಳು. "ಅಜ್ಜೀ, ನಿನ್ನ ತಲೇಲಿ ಹುಲ್ಲಿನ ಬೀಜ ಸಿಕ್ಕೊಂಡಿದೆ, ತಾಳು." ಓಬಕ್ಕ ಅಲ್ಲೇ ಕುಸಿದು ಕೂತು ಅತ್ತಳು.

ಆದರೆ ಹಗ್ಗ ಲೋಕದಿಂದ ಹೋಗಲಿಲ್ಲ. ಅವಳನ್ನು ನೋಡಿ ಹಲವರು ಕಟ್ಟುವುದನ್ನು ಕಲಿತಿದ್ದರು. ಅದಕ್ಕೇ ಮಗೂ, ಇವತ್ತಿಗೂ ಹಸಿರು ಮೇಯ್ದು ಬಂದ ಹಸುವಿನ ಬೆಣ್ಣೆ ಹಳದಿಯಾಗಿ ಮೆತ್ತಗಿರುತ್ತದೆ. ಕಟ್ಟಿಹಾಕಿ ಬರೀ ಒಣಹುಲ್ಲು ತಿನ್ನಿಸಿದ ಹಸುವಿನ ಬೆಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ.